ಕೃಷಿ ಪದವಿ ಮುಗಿಸಿ ಮಾನವಶಾಸ್ತ್ರಕ್ಕೆ ಹೋಗಬಹುದೇ? ಕಲಬುರಗಿ ಭಾಗದವರ ಸಲಹೆ ಬೇಕು

ತೊಗರಿಸಾಲು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರವಳು. ಬಿ.ಎಸ್‌ಸಿ. ಕೃಷಿ ಪದವಿ ಮುಗಿಸಿ ಒಂದು ವರ್ಷವಾಯಿತು. ಸದ್ಯ ರೈತ ಉತ್ಪಾದಕರ ಕಂಪನಿಯೊಂದರಲ್ಲಿ ಕ್ಷೇತ್ರ ಸಿಬ್ಬಂದಿಯಾಗಿ ಕೆಲಸ ಮಾಡುತ್ತಿದ್ದೇನೆ. ಮುಂದೆ ಎಂ.ಎಸ್‌ಸಿ.ಗೆ ಬೇಸಾಯಶಾಸ್ತ್ರವನ್ನೋ ತಳಿ ಅಭಿವೃದ್ಧಿಯನ್ನೋ ತೆಗೆದುಕೊಳ್ಳುತ್ತೇನೆಂದು ಮನೆಯಲ್ಲಿ ಎಲ್ಲರೂ ತಿಳಿದುಕೊಂಡಿದ್ದಾರೆ. ನನ್ನ ಮನಸ್ಸು ಮಾತ್ರ ಎರಡು ವರ್ಷಗಳಿಂದ ಬೇರೆ ಕಡೆಗೆ ವಾಲಿದೆ. ಅದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ.

ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ನಮ್ಮ ತಂಡವನ್ನು ಒಂದು ಹಳ್ಳಿಯಲ್ಲಿ ಬಿಟ್ಟಿದ್ದರು. ಪ್ರತಿಯೊಬ್ಬರ ಕೈಗೂ ಒಂದು ನಮೂನೆ ಕೊಟ್ಟಿದ್ದರು: ರೈತನ ಹೆಸರು, ಸರ್ವೆ ನಂಬರ್, ಹಿಡುವಳಿ, ತೊಗರಿಯ ತಳಿ, ಬೀಜದ ಮೂಲ. ಬೀಜದ ಮೂಲಕ್ಕೆ ಮೂರೇ ಉತ್ತರಗಳಿದ್ದವು. ರೈತ ಸಂಪರ್ಕ ಕೇಂದ್ರ, ಖಾಸಗಿ ಅಂಗಡಿ, ಸ್ವಂತ. ಒಂದು ಮನೆಯಲ್ಲಿ ಯಜಮಾನರು ‘ಸ್ವಂತ’ ಎಂದರು, ನಾನು ಗುರುತು ಹಾಕಿದೆ. ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಕೇರುತ್ತಿದ್ದ ಅವರ ತಾಯಿ ನಕ್ಕು, “ಸ್ವಂತ ಅಂದ್ರ ಯಾರ ಸ್ವಂತ? ಬೀಜ ಎಲ್ಲಿ ಇಟ್ಟೀನಿ ಅಂಬೋದೇ ಅವಂಗ ಗೊತ್ತಿಲ್ಲ, ಅವನ್ನ ಏನ್ ಕೇಳ್ತಿ” ಎಂದರು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮೂರು ಮಡಕೆಗಳನ್ನು ತೋರಿಸಿದರು. ಮೂರರಲ್ಲೂ ಬೂದಿ ಬೆರೆಸಿದ ಬೀಜ. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸಗಣಿ ಬಳಿದಿತ್ತು. ಒಂದು ಮಡಕೆಯ ತೊಗರಿ ಅವರ ತವರಿನದು, ಮದುವೆಯ ಹೊಸತರಲ್ಲಿ ತಂದದ್ದಂತೆ. ಇಳುವರಿ ಕಡಿಮೆ, ಮಾರಲು ಬಾರದು, ಆದರೆ ಬೇಗ ಬೇಯುತ್ತದೆ. ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಅದೇ ಆಗಬೇಕು. ಹೊಲದ ಬದುವಿನಲ್ಲಿ ಎರಡು ಸಾಲು ಅದಕ್ಕೆಂದೇ ಬಿಡುತ್ತಾರೆ. ಆ ಎರಡು ಸಾಲಿನ ಲೆಕ್ಕ ಮಗನಿಗಿಲ್ಲ, ಸೊಸೆಗಿದೆ.

ನನ್ನ ನಮೂನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಷರಾ ಕಾಲಂನಲ್ಲಿ ಸಣ್ಣಕ್ಷರದಲ್ಲಿ ಬರೆದೆ. ಮೌಲ್ಯಮಾಪನದ ದಿನ ಅದನ್ನು ಓದಿದ ಅಧ್ಯಾಪಕರೊಬ್ಬರು “ಇದು ದತ್ತಾಂಶವಲ್ಲ, ಕಥೆ” ಎಂದು ಹೊಡೆದು ಹಾಕಿದರು. ಅಂದಿನಿಂದ ಆ ಕಥೆ ನನ್ನನ್ನು ಬಿಟ್ಟಿಲ್ಲ. ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿದ ವರ್ಷ, ಮರುವರ್ಷದ ಬೀಜ ಯಾವುದು ಎಂಬುದನ್ನು ಮನೆಯೊಳಗೆ ಯಾರು, ಯಾವ ಆಧಾರದ ಮೇಲೆ, ಯಾರನ್ನು ಕೇಳಿ ನಿರ್ಧರಿಸುತ್ತಾರೆ ಎಂಬುದು ನನ್ನ ಪ್ರಶ್ನೆ. ರೋಗದ ಶಿಲೀಂಧ್ರದ ಬಗ್ಗೆ ನನಗೆ ಕಲಿಸಿದ್ದಾರೆ. ಈ ನಿರ್ಧಾರದ ಬಗ್ಗೆ ಯಾರೂ ಕಲಿಸಿಲ್ಲ.

ಇದು ಮಾನವಶಾಸ್ತ್ರದವರು ಕೇಳುವ ಪ್ರಶ್ನೆ ಎಂದು ಗೆಳತಿಯೊಬ್ಬಳು ಹೇಳಿದಳು. ಹುಡುಕಿ ನೋಡಿದರೆ ಐ.ಎ.ಎಸ್. ಪರೀಕ್ಷೆಯ ಐಚ್ಛಿಕ ವಿಷಯದ ತರಬೇತಿ ಜಾಹೀರಾತುಗಳೇ ಬರುತ್ತವೆ. ಕೃಷಿ ಓದಿದವಳು ಸ್ನಾತಕೋತ್ತರ ಮಟ್ಟದಲ್ಲಿ ಮಾನವಶಾಸ್ತ್ರಕ್ಕೆ ಸೇರಬಹುದೇ? ಎರಡನ್ನೂ ಜೊತೆಗಿಟ್ಟುಕೊಂಡು ಸಂಶೋಧನೆ ಮಾಡಲು ನಮಗೆ ಹತ್ತಿರದಲ್ಲಿ ಎಲ್ಲಿ ಅವಕಾಶವಿದೆ? ತಂದೆಯವರಿಗೆ ಆರೋಗ್ಯ ಸರಿಯಿಲ್ಲದ್ದರಿಂದ ತೀರಾ ದೂರ ಹೋಗಲಾರೆ. ಖರ್ಚಿನ ದಾರಿಯನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.


ಮಾಂಜ್ರಾತೀರ, ಬೀದರ್

ನಮಸ್ಕಾರ ತಂಗಿ. ನಾನು ಭಾಲ್ಕಿ ಕಡೆಯವನು, ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಆಮೇಲೆ ಮಾನವಶಾಸ್ತ್ರಕ್ಕೆ ಬಂದವನು. ಈಗ ಹೈದರಾಬಾದಿನಲ್ಲಿ ಬಿದರಿ ಕಸುಬಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಅನುಭವದಿಂದಲೇ ಉತ್ತರಿಸಬಲ್ಲೆ.

ಸೇರಬಹುದೇ ಎಂದರೆ, ಧಾರಾಳವಾಗಿ ಸೇರಬಹುದು. ಮಾನವಶಾಸ್ತ್ರ ಮೂಲದಿಂದಲೇ ಬೆರಕೆಯ ಶಾಸ್ತ್ರ. ದೈಹಿಕ ಮಾನವಶಾಸ್ತ್ರ, ಸಾಮಾಜಿಕ-ಸಾಂಸ್ಕೃತಿಕ ಮಾನವಶಾಸ್ತ್ರ, ಪ್ರಾಗಿತಿಹಾಸ, ಭಾಷೆ, ಈ ನಾಲ್ಕನ್ನೂ ಒಂದೇ ಸೂರಿನಡಿ ಇಟ್ಟುಕೊಂಡು ಬೆಳೆದದ್ದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಹೇಳಿದ ಇರಾವತಿ ಕರ್ವೆಯವರು ಬರ್ಲಿನ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಮನುಷ್ಯರ ತಲೆಬುರುಡೆಯ ಅಸಮತೆಯ ಮೇಲೆ. ಆಮೇಲೆ ಹೆಸರಾದದ್ದು ಬಂಧುತ್ವ ವ್ಯವಸ್ಥೆಯ ಅಧ್ಯಯನಕ್ಕೆ. ಹಾಗಾಗಿ ಕೃಷಿಯವಳು ಇಲ್ಲಿಗೇಕೆ ಬಂದಳು ಎಂದು ಒಳ್ಳೆಯ ವಿಭಾಗದಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಆ ವಿಭಾಗದ ಮೇಲೆಯೇ ಸಂಶಯಪಡಬಹುದು.

ನಿಮ್ಮ ಪ್ರಶ್ನೆಗೆ ಹಿಂದಿನ ಮೇಲ್ಪಂಕ್ತಿಗಳೂ ಇವೆ. ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ರಾಬರ್ಟ್ ರೋಡ್ಸ್ ಎಂಬ ಮಾನವಶಾಸ್ತ್ರಜ್ಞರು ವಿಜ್ಞಾನಿಗಳ ಜೊತೆ ಕೆಲಸ ಮಾಡಿದರು. ಗಡ್ಡೆ ಸುಕ್ಕುಗಟ್ಟಿ ನಷ್ಟವಾಗುತ್ತದೆ ಎಂಬುದು ವಿಜ್ಞಾನಿಗಳ ಚಿಂತೆಯಾಗಿತ್ತು; ರೈತರ ಮನೆಗಳಲ್ಲಿ ಕೂತು ನೋಡಿದರೆ ತೊಂದರೆ ಇದ್ದದ್ದು ಬಿತ್ತನೆ ಗಡ್ಡೆಯಲ್ಲಿ, ಅದು ಕತ್ತಲಲ್ಲಿ ಉದ್ದುದ್ದ ಮೊಳಕೆ ಬಿಡುತ್ತಿತ್ತು. ಬಿತ್ತನೆ ಗಡ್ಡೆಯನ್ನು ಮಂದ ಬೆಳಕಿನಲ್ಲಿ ಇಡುವ ಪದ್ಧತಿಯನ್ನು ರೈತರ ಮನೆಯಲ್ಲೇ ಪರೀಕ್ಷಿಸಿ ರೂಪಿಸಿದರು. 1982ರಲ್ಲಿ ರೋಡ್ಸ್ ಮತ್ತು ಅವರ ಜೊತೆಗಾರ ಬೂತ್ ಈ ಕ್ರಮವನ್ನು ‘ರೈತನಿಂದ ಹೊರಟು ಮತ್ತೆ ರೈತನಲ್ಲಿಗೆ’ ಎಂಬರ್ಥದ ಹೆಸರಿನಿಂದ ಪ್ರಕಟಿಸಿದರು. ನಿಮಗೆ ಬೀಜ ತೋರಿಸಿದ ಆಯಿಯ ಮಡಕೆಗೂ ಆ ಗಡ್ಡೆಗೂ ನಡುವೆ ಹೆಚ್ಚಿನ ದೂರವಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕಲಬುರಗಿಯಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. 1972ರಲ್ಲಿ ಶುರುವಾದ ಈ ಸಂಸ್ಥೆ 1975ರಲ್ಲಿ ಆರು ಹಳ್ಳಿಗಳಲ್ಲಿ ದೀರ್ಘಕಾಲದ ಗ್ರಾಮ ಅಧ್ಯಯನವನ್ನು ಆರಂಭಿಸಿತು; ಅವುಗಳಲ್ಲಿ ಎರಡು ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯವು. ಮಾಹಿತಿ ಸಂಗ್ರಾಹಕರು ಹಳ್ಳಿಯಲ್ಲೇ ಮನೆ ಮಾಡಿಕೊಂಡಿದ್ದು ಮನೆಮನೆಯ ದುಡಿಮೆ, ಸಾಲ, ಬೆಳೆಗಳನ್ನು ವರ್ಷಗಟ್ಟಲೆ ಬರೆದಿಟ್ಟರು. ಅಲ್ಲಿಯ ಜೀನ್ ಬ್ಯಾಂಕಿನಲ್ಲಿ ತೊಗರಿಯ 13 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ನೆಟೆ ರೋಗ ತಡೆಯುವ ‘ಮಾರುತಿ’ ತಳಿ ನಮ್ಮ ಜಿಲ್ಲೆಗಳಲ್ಲಿ ಹರಡಿದ್ದು ಆ ಸಂಸ್ಥೆಯ ತಳಿಸಾಲಿನಿಂದಲೇ ಎಂಬುದು ಕೃಷಿ ಓದಿದ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದು ಯಾವ ಮನೆಯ ಯಾವ ಮಡಕೆಯನ್ನು ಖಾಲಿ ಮಾಡಿತು, ಯಾವುದನ್ನು ಮಾಡಲಿಲ್ಲ ಎಂಬುದನ್ನು ಕೇಳಲು ತಳಿಶಾಸ್ತ್ರವೂ ಬೇಕು, ಬಂಧುತ್ವದ ತಿಳಿವಳಿಕೆಯೂ ಬೇಕು. ತವರಿನಿಂದ ಬೀಜ ಬಂದಿದೆ ಎಂದರೆ ಮದುವೆಯ ಸಂಬಂಧಗಳ ನಕ್ಷೆಯೇ ಬೀಜ ಹರಡಿದ ನಕ್ಷೆಯೂ ಆಗಿರಬಹುದಲ್ಲ! ಒಬ್ಬಳೇ ವ್ಯಕ್ತಿಗೆ ಎರಡೂ ಗೊತ್ತಿರುವುದು ಅಪರೂಪ. ಆದ್ದರಿಂದ ಕೃಷಿಯನ್ನು ಬಿಟ್ಟು ಬರುತ್ತಿದ್ದೇನೆ ಎಂಬ ಭಾವನೆಯನ್ನು ಮೊದಲು ತೆಗೆದು ಹಾಕಿ.

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಬಿದರಿ ಪಾತ್ರೆಯನ್ನು ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಬೆಳ್ಳಿಯ ತಂತಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಬಿಸಿ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮೊದಲ ಆರು ತಿಂಗಳು ನಾನು ಮಣ್ಣಿನ ಮಾದರಿ ಹಿಡಿದುಕೊಂಡು ಪ್ರಯೋಗಾಲಯಗಳಿಗೆ ಅಲೆದೆ. ಉಸ್ತಾದರೊಬ್ಬರು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು, ಉಗುಳಿ, “ಇದು ನಡೆಯಲ್ಲ” ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದನ್ನು ಕಣ್ಣಾರೆ ನೋಡಿಯೂ ಟಿಪ್ಪಣಿ ಮಾಡಿಕೊಂಡಿರಲಿಲ್ಲ. ಎರಡು ಶಾಸ್ತ್ರಗಳ ನಡುವೆ ನಿಂತವರಿಗೆ ಬರುವ ಕಷ್ಟ ಇದು. ಹಳೆಯ ಶಾಸ್ತ್ರದ ಕೈ ಮುಂದಾಗಿ ಹೋಗುತ್ತದೆ. ಎರಡನ್ನೂ ಅರ್ಧರ್ಧ ಕಲಿತು ಅಂತರಶಿಸ್ತೀಯ ಎಂದು ಹೆಸರಿಟ್ಟುಕೊಳ್ಳುವವರನ್ನು ಬಹಳ ನೋಡಿದ್ದೇನೆ. ನನ್ನ ಸಲಹೆ ಏನೆಂದರೆ ಕ್ಷೇತ್ರಕಾರ್ಯವನ್ನು ಪೂರ್ತಿಯಾಗಿ, ಬೇರೇನೂ ಬಾರದವರ ಹಾಗೆ ಕಲಿಯಿರಿ. ಕೃಷಿ ಹೇಗೂ ನಿಮ್ಮ ಕೈಯಲ್ಲಿದೆ.

ಇನ್ನು ಸ್ಥಳದ ವಿಷಯ. ರಾಜ್ಯದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಮೈಸೂರಿನಲ್ಲೇ ಇದೆ. ನಮಗೆ ಅನುಕೂಲವಾದದ್ದು ಹೈದರಾಬಾದ್ ವಿಶ್ವವಿದ್ಯಾಲಯ. ಕಲಬುರಗಿಯಿಂದಲೂ ಬೀದರಿನಿಂದಲೂ ರೈಲು ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿದರೆ ಆವರಣ ಹತ್ತಿರ. ತಂದೆಯವರನ್ನು ನೋಡಲು ಶನಿವಾರ ಹೊರಟು ಸೋಮವಾರಕ್ಕೆ ತಿರುಗಿ ಬರಬಹುದು. ಅಲ್ಲಿಗೆ ಪ್ರವೇಶ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿ.ಯು.ಇ.ಟಿ. ಸ್ನಾತಕೋತ್ತರ ಪರೀಕ್ಷೆಯ ಮೂಲಕ. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಇರುತ್ತದೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ ಈ ವಿಷಯದ ಹಳೆಯ ನಂಟಿದೆ. ನಮ್ಮ ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದಾಗ ಆದಿಲಾಬಾದಿನ ಗೊಂಡರ ನಡುವೆ ಕೆಲಸ ಮಾಡಿದ ಫ್ಯೂರರ್-ಹೈಮೆನ್‌ಡಾರ್ಫ್ 1940ರ ದಶಕದಲ್ಲಿ ಅಲ್ಲಿ ಪ್ರಾಧ್ಯಾಪಕರಾಗಿದ್ದರು.

ಖರ್ಚಿಗೆ ಮುಖ್ಯ ದಾರಿ ಯು.ಜಿ.ಸಿ. ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಮಾನವಶಾಸ್ತ್ರ ಅದರಲ್ಲಿ ಪ್ರತ್ಯೇಕ ವಿಷಯ. ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಆದ ಮೇಲೆ 42,000. ಇನ್ನೊಂದು ಮಾತು: ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇದ್ದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ನೆಟ್ ಬರೆದು ಪಿಎಚ್.ಡಿ.ಗೆ ಅರ್ಜಿ ಹಾಕಬಹುದು, ಮೀಸಲಾತಿ ವರ್ಗಗಳಿಗೆ ಶೇ 5 ಸಡಿಲಿಕೆಯಿದೆ. ನಿಮ್ಮದು ನಾಲ್ಕು ವರ್ಷದ ಪದವಿ. ಆದರೂ ಆ ಅಡ್ಡದಾರಿಯನ್ನು ನಾನು ಹೇಳುವುದಿಲ್ಲ. ಎರಡು ವರ್ಷ ಎಂ.ಎ. ಓದದೆ ನೇರವಾಗಿ ಕ್ಷೇತ್ರಕ್ಕೆ ಇಳಿದರೆ ಷರಾ ಕಾಲಂ ಸ್ವಲ್ಪ ದೊಡ್ಡದಾಗಬಹುದು, ಅಷ್ಟೇ.


ಸುರಪುರದ ಮೇಷ್ಟ್ರು, ಯಾದಗಿರಿ

ಮೇಲಿನ ಉತ್ತರ ಚೆನ್ನಾಗಿದೆ. ಆದರೆ ಹೊಟ್ಟೆಪಾಡಿನ ವಿಷಯವನ್ನು ಬಿಟ್ಟುಬಿಟ್ಟಿದ್ದಾರೆ. ಆ ಕಹಿ ಕೆಲಸವನ್ನು ನಾನು ಮಾಡುತ್ತೇನೆ. ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ, ಇಪ್ಪತ್ತು ವರ್ಷಗಳಾದವು.

ನಮ್ಮ ಮೂರು ಜಿಲ್ಲೆಗಳ ಯಾವ ಪದವಿ ಕಾಲೇಜಿನಲ್ಲೂ ಮಾನವಶಾಸ್ತ್ರದ ಸಹಾಯಕ ಪ್ರಾಧ್ಯಾಪಕರನ್ನು ನಾನು ಕಂಡಿಲ್ಲ. ಸಮಾಜಶಾಸ್ತ್ರದ ಹುದ್ದೆ ಇದೆಯಲ್ಲ ಎನ್ನಬಹುದು. ಹುದ್ದೆಯ ಅಧಿಸೂಚನೆಯಲ್ಲಿ ‘ಸಂಬಂಧಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ’ ಎಂಬ ಮಾತಿರುತ್ತದೆ; ಆ ‘ಸಂಬಂಧಿತ’ ಎಂಬ ಪದ ಎಷ್ಟು ಜನರ ಅರ್ಜಿಯನ್ನು ನುಂಗಿದೆ ಎಂಬುದು ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತವರಿಗೆ ಗೊತ್ತು. ನನ್ನ ವಿದ್ಯಾರ್ಥಿಯೊಬ್ಬ ಎರಡು ವಿಷಯಗಳ ಹೆಸರನ್ನು ಜೋಡಿಸಿದ ಪದವಿ ಪಡೆದು ಬಂದ. ಒಂದು ವಿಷಯದವರು ಇವನು ನಮ್ಮವನಲ್ಲ ಎಂದರು, ಮತ್ತೊಂದು ವಿಷಯದವರೂ ಅದನ್ನೇ ಹೇಳಿದರು. ಎರಡು ನೇಮಕಾತಿಗಳು ಅವನ ಕಣ್ಣ ಮುಂದೆಯೇ ಹೋದವು. ಈಗ ಖಾಸಗಿ ಸಂಸ್ಥೆಯೊಂದರಲ್ಲಿ ಅರೆಕಾಲಿಕ ಉಪನ್ಯಾಸಕ.

ಆದ್ದರಿಂದ ನನ್ನ ಮಾತು ಬೇರೆ. ಮಗಳೇ, ಎಂ.ಎಸ್‌ಸಿ.ಗೆ ಕೃಷಿ ವಿಸ್ತರಣೆಯನ್ನು, ಅಂದರೆ ಕೃಷಿ ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸುವ ಶಾಸ್ತ್ರವನ್ನು, ತೆಗೆದುಕೊ. ಅದೇ ವಿಭಾಗದಲ್ಲಿ ನಿನ್ನ ಬೀಜದ ಪ್ರಶ್ನೆಯನ್ನೇ ಪ್ರಬಂಧಕ್ಕೆ ಇಟ್ಟುಕೊ. ಕೃಷಿ ವಿಜ್ಞಾನ ಕೇಂದ್ರ, ಕೃಷಿ ಇಲಾಖೆ, ಬ್ಯಾಂಕು, ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಪಿಎಚ್.ಡಿ. ಹೊತ್ತಿಗೆ ಮಾನವಶಾಸ್ತ್ರಕ್ಕೆ ಹೊರಳಿದರೂ ಬೆನ್ನಿಗೆ ಒಂದು ಪದವಿ ಇರುತ್ತದೆ. ಧಾರವಾಡಕ್ಕೋ ಮೈಸೂರಿಗೋ ಹೋಗುವುದೇ ಆದರೆ ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಈಗಲೇ ಸಹಾಯಕ ಆಯುಕ್ತರ ಕಚೇರಿಯಿಂದ ಸರಿಯಾಗಿ ಮಾಡಿಸಿಟ್ಟುಕೊ. ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ ಎಂಬುದು ಎಲ್ಲರಿಗೂ ಗೊತ್ತು. ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿರುವ ಶೇ 8 ಅನ್ನು ಅರ್ಧ ಜನ ಬಳಸಿಕೊಳ್ಳುವುದೇ ಇಲ್ಲ.

ಅಂತರಶಿಸ್ತೀಯ ಕೆಲಸದ ಬಗ್ಗೆ ನನಗೆ ಅಸಡ್ಡೆ ಇದೆ ಎಂದುಕೊಳ್ಳಬೇಡಿ. ನಮ್ಮ ಸೀಮೆ ಅದರಿಂದಲೇ ಜಗತ್ತಿಗೆ ಗೊತ್ತಾಗಿದೆ. ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಸುತ್ತಿ ಆದಿಮಾನವರ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸಿನಿಂದಲೇ ಕೈಗೊಡಲಿ ಕೆತ್ತುತ್ತಿದ್ದ ತಾಣ ಸಿಕ್ಕಿತು. ಅಲ್ಲಿಯ ಪ್ರಾಣಿಗಳ ಹಲ್ಲಿನ ದಂತಕವಚದಿಂದ ತೆಗೆದ ಕಾಲ ಸುಮಾರು 12 ಲಕ್ಷ ವರ್ಷ. ಭೂವಿಜ್ಞಾನ, ಭೌತಶಾಸ್ತ್ರ, ಮಾನವಶಾಸ್ತ್ರ ಒಂದೇ ಹೊಲದಲ್ಲಿ ಕೂಡಿ ನಿಂತಾಗ ಆದ ಕೆಲಸ ಅದು. ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬವನ್ನೂ ಅವರೇ ಅಗೆದರು. ಊರಿನ ಹೆಸರಿನಲ್ಲೇ ಬೂದಿ ಇದೆ, ಆದರೆ ಯಾವುದರ ಬೂದಿ ಎಂಬುದು ಬಹುಕಾಲ ತಕರಾರಿನ ವಿಷಯವಾಗಿತ್ತು. ದನದ ದೊಡ್ಡಿಯಲ್ಲಿ ಕೂಡಿದ ಸಗಣಿ ಸುಟ್ಟು ಆದದ್ದು ಎಂಬುದನ್ನು ಪುರಾತತ್ವಜ್ಞ ಆಲ್ಚಿನ್ ತೆಲಂಗಾಣದ ಉಟ್ನೂರಿನಲ್ಲಿ ತೋರಿಸಿದ್ದರು; ಬೂದಿಹಾಳದಲ್ಲಿ ದೊಡ್ಡಿಯ ಜೊತೆಗೆ ವಾಸದ ನೆಲೆಯೂ ದನ ಕಡಿದ ನೆಲವೂ ಸಿಕ್ಕವು. ದನ ಸಾಕುವವರ ಬದುಕನ್ನು ಬಲ್ಲವರಿಗೆ ಮಾತ್ರ ಆ ಮಣ್ಣಿನ ಪದರಗಳು ಬಾಯಿಬಿಡುತ್ತವೆ. ಅದಕ್ಕಿಂತ ನೂರು ವರ್ಷಕ್ಕೂ ಹಿಂದೆ, ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಸುತ್ತಿನ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿ ಬರೆದಿಟ್ಟ. ಅವನ ಸಂಬಳ ಆಡಳಿತಗಾರನದು ಎಂಬುದನ್ನೂ ನೆನಪಿಡಬೇಕು. ನಾನು ಹೇಳುತ್ತಿರುವುದೂ ಅದನ್ನೇ.


ಕುಲಶಾಸ್ತ್ರದ ಕೂಲಿ, ಕಲಬುರಗಿ

ಹೆಸರು ನೋಡಿ ನಗಬೇಡಿ. ಸಮುದಾಯವೊಂದರ ಕುಲಶಾಸ್ತ್ರೀಯ ಅಧ್ಯಯನಕ್ಕೆ, ಅಂದರೆ ಅದರ ಆಚಾರ, ಬದುಕುಗಳನ್ನು ದಾಖಲಿಸುವ ಕೆಲಸಕ್ಕೆ, ಕ್ಷೇತ್ರ ತನಿಖಾಧಿಕಾರಿಯಾಗಿ ಎಂಟು ತಿಂಗಳು ದಿನಗೂಲಿಯ ಲೆಕ್ಕದಲ್ಲಿ ದುಡಿದಿದ್ದೇನೆ. ಕಲಬುರಗಿ ಭಾಗದಲ್ಲಿ ಮಾನವಶಾಸ್ತ್ರ ಎಂದರೆ ಜನರಿಗೆ ಗೊತ್ತಿರುವುದು ಪತ್ರಿಕೆಯಲ್ಲಿ ಬರುವ ಈ ‘ಕುಲಶಾಸ್ತ್ರೀಯ ಅಧ್ಯಯನ’ ಒಂದೇ. ಆದ್ದರಿಂದ ತಂಗಿಗೆ ಒಂದು ಎಚ್ಚರಿಕೆ ಹೇಳಬೇಕು.

ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಕುಲಶಾಸ್ತ್ರೀಯ ವರದಿಯೊಂದಿಗೆ ಕಳಿಸಬೇಕು. 1999ರ ಕ್ರಮದಂತೆ ಜನಗಣತಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಮತ್ತು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಬೇಕು, ಆಮೇಲೆ ಸಂಸತ್ತು. ಅಳತೆಗೋಲು ಮಾತ್ರ 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ಮೊಬೈಲಿನಲ್ಲಿ ಮುಂಬೈಯ ಮಗನೊಂದಿಗೆ ಮಾತಾಡುತ್ತಿದ್ದ ಯಜಮಾನರ ಮುಂದೆ ಕೂತು ‘ಸಂಕೋಚ’ದ ಕಾಲಂ ತುಂಬುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. 2020ರಲ್ಲಿ ತಳವಾರ, ಪರಿವಾರ ಹೆಸರುಗಳು ನಾಯಕದ ಪರ್ಯಾಯ ಪದಗಳಾಗಿ ಪಟ್ಟಿಗೆ ಸೇರಿದ ಮೇಲೆ ನಮ್ಮ ಹಳ್ಳಿಗಳಲ್ಲಿ ನೋಟ್‌ಬುಕ್ ಹಿಡಿದು ಬಂದ ಯಾರನ್ನು ಕಂಡರೂ ಜನರ ಮೊದಲ ಪ್ರಶ್ನೆ, “ನಮ್ಮದು ಯಾವಾಗ ಆಗ್ತದರಿ?” ಆ ಪ್ರಶ್ನೆ ಕೇಳುವುದು ಅವರ ಹಕ್ಕು. ನಮಗೆ ತೊಂದರೆ ಏನೆಂದರೆ, ಅದಾದ ಮೇಲೆ ಬರುವ ಪ್ರತಿ ಉತ್ತರವೂ ಆ ಪ್ರಶ್ನೆಯ ನೆರಳಿನಲ್ಲೇ ಇರುತ್ತದೆ.

ನೀವು ಬೀಜದ ಮಾತು ಕೇಳಲು ಹೋದರೂ ಜನ ನಿಮ್ಮನ್ನು ಹೀಗೆಯೇ ನೋಡುತ್ತಾರೆ. ಬೆಳೆವಿಮೆಗೋ ಪರಿಹಾರಕ್ಕೋ ಬಂದವಳು ಎನ್ನುತ್ತಾರೆ. ಯಾರ ಪರವಾಗಿ ಬಂದಿದ್ದೇನೆ, ಬರೆದದ್ದು ಎಲ್ಲಿಗೆ ಹೋಗುತ್ತದೆ, ಏನೂ ಕೊಡಿಸಲಾರೆ ಎಂಬುದನ್ನು ಮೊದಲ ದಿನವೇ ಹೇಳಿ, ಆಮೇಲೂ ಹೇಳುತ್ತಿರಿ. ಬೀಜದ ವಿಷಯದಲ್ಲಿ ಇನ್ನೊಂದು ತೊಡಕಿದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣೆ ಕಾಯ್ದೆಯಲ್ಲಿ ರೈತರ ತಳಿಯನ್ನು ರೈತರೇ ನೋಂದಾಯಿಸಬಹುದು. ಆಯಿಯ ಹಿಡಿ ಬೀಜವನ್ನು ನೀವು ಪ್ರಯೋಗಾಲಯಕ್ಕೆ ಒಯ್ದರೆ ಅದರ ಮೇಲೆ ಯಾರ ಹೆಸರು ಬೀಳುತ್ತದೆ ಎಂಬುದನ್ನು ಒಯ್ಯುವ ಮುಂಚೆಯೇ ಯೋಚಿಸಬೇಕು.


ಸಮುದಾಯ ವೈದ್ಯೆ, ಬೀದರ್

ವೈದ್ಯಕೀಯದ ಕಡೆಯಿಂದ ಒಂದೆರಡು ಮಾತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಶವವನ್ನು ತೊಳೆದು ಮಣ್ಣು ಮಾಡುವ ಪದ್ಧತಿಯಿಂದ ಸೋಂಕು ಹೆಚ್ಚುತ್ತಿತ್ತು. ಆದರೆ ಕವಚ ತೊಟ್ಟವರು ಬಂದು ಶವವನ್ನು ಕಸಿದುಕೊಂಡು ಹೋದಾಗ ಜನ ರೋಗಿಗಳನ್ನೇ ಬಚ್ಚಿಡತೊಡಗಿದರು. ಮಾನವಶಾಸ್ತ್ರಜ್ಞರ ಮಾತು ಕೇಳಿದ ಮೇಲೆ ಕುಟುಂಬದವರು ನಿಂತು ಪ್ರಾರ್ಥಿಸಲು ಅವಕಾಶವಿರುವ, ಗೌರವಯುತ ಶವಸಂಸ್ಕಾರದ ನಿಯಮಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿತು. ವೈದ್ಯಕೀಯ ಮಾನವಶಾಸ್ತ್ರ ಎಂದು ಇದನ್ನು ಕರೆಯುತ್ತಾರೆ. ಅಮೆರಿಕದಲ್ಲಿ ವೈದ್ಯ ಪದವಿ ಮತ್ತು ಮಾನವಶಾಸ್ತ್ರದ ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡುವ ದಾರಿಗಳೇ ಇವೆ. ಹೈಟಿಯಲ್ಲಿ ಕೆಲಸ ಮಾಡಿದ ಪಾಲ್ ಫಾರ್ಮರ್ ಹಾರ್ವರ್ಡ್‌ನಲ್ಲಿ ಹಾಗೆ ಓದಿದವರು. ಯೇಲ್‌ನಲ್ಲಿ ಮಾನವಶಾಸ್ತ್ರವನ್ನೂ ಪರಿಸರ ಅಧ್ಯಯನವನ್ನೂ ಜೋಡಿಸಿದ ಡಾಕ್ಟರೇಟ್ ಇದೆ, ನಿಮ್ಮ ವಿಷಯಕ್ಕೆ ಅದು ಹತ್ತಿರ. ಹೊರದೇಶದ ಆಸೆ ಇದ್ದವರು ಒಂದು ಸಂಗತಿ ತಿಳಿದಿರಲಿ: ಪರಿಶಿಷ್ಟ ಜಾತಿ ಮುಂತಾದವರಿಗಾಗಿ ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜಗಳ ಮೇಲಿನ ಅಧ್ಯಯನವನ್ನು ಹೊರಗಿಟ್ಟಿತು. ತನ್ನ ತಾಂಡಾದ ಬಗ್ಗೆ ಹೊರದೇಶದಲ್ಲಿ ಕೂತು ಬರೆಯಬೇಕೆಂದಿದ್ದ ಹುಡುಗಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇಕಿಲ್ಲ.

ನಮ್ಮಲ್ಲೇ ನೋಡಿ. ತಾಂಡಾ ಒಂದರಲ್ಲಿ ಗರ್ಭಿಣಿಯರಿಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಗಳು ಮಣ್ಣಿನ ಗಡಿಗೆಯಲ್ಲಿ ಹಾಗೇ ಕೂಡಿಟ್ಟಿದ್ದವು. ಅಜ್ಞಾನ ಎಂದು ನಾನು ವರದಿ ಬರೆದೆ. ಕಬ್ಬು ಕಡಿಯಲು ಹೋದಲ್ಲಿ ಹೊಟ್ಟೆ ಕೆಟ್ಟರೆ ಹೋಗಲು ಮರೆಯಾದ ಜಾಗವಿಲ್ಲ, ಊರಿಗೆ ಬಂದ ಮೇಲೆ ನುಂಗೋಣ ಎಂದು ತೆಗೆದಿಟ್ಟಿದ್ದೆವು ಎಂಬುದು ಎರಡು ವರ್ಷಗಳ ನಂತರ ನನಗೆ ತಿಳಿಯಿತು, ಅದೂ ಆಶಾ ಕಾರ್ಯಕರ್ತೆ ಹೇಳಿದ್ದರಿಂದ.


ತೊಗರಿಸಾಲು, ಕಲಬುರಗಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೇಷ್ಟ್ರ ಮಾತು ಕೇಳಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಂಕ ಶೇ 75ಕ್ಕಿಂತ ಸ್ವಲ್ಪ ಮೇಲಿದೆ. ವಿಸ್ತರಣೆಗೆ ಸೇರಿದರೆ ಮನೆಯವರೂ ಒಪ್ಪುತ್ತಾರೆ. ಆದರೆ ಅಲ್ಲಿಯೂ ನೂರಿಪ್ಪತ್ತು ರೈತರಿಗೆ ಒಂದೇ ಪ್ರಶ್ನಾವಳಿ ಹಂಚಿ ಶೇಕಡಾವಾರು ಲೆಕ್ಕ ತೆಗೆಯುವುದೇ ಪ್ರಬಂಧವಾಗಿಬಿಡುತ್ತದೆಯೋ ಎಂಬ ಅಂಜಿಕೆ ಇದೆ. ನಮ್ಮ ಸೀನಿಯರ್‌ಗಳು ಮಾಡಿದ್ದನ್ನು ನೋಡಿದ್ದೇನೆ. ಮಾಂಜ್ರಾತೀರ ಅಣ್ಣನವರು ಇದಕ್ಕೆ ಏನು ಹೇಳುತ್ತಾರೆ?


ಮಾಂಜ್ರಾತೀರ, ಬೀದರ್

ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಪದವಿಯ ಹೆಸರಿನ ಬಗ್ಗೆ ಅವರು ಕೊಟ್ಟ ಎಚ್ಚರಿಕೆಯನ್ನು ನಾನೇ ಹೇಳಬೇಕಿತ್ತು. ಆದ್ದರಿಂದ ಜೋಡಿ ಹೆಸರಿನ ಸ್ನಾತಕೋತ್ತರ ಪದವಿ ಬೇಡ. ಒಂದೋ ಮಾನವಶಾಸ್ತ್ರ, ಒಂದೋ ಕೃಷಿ ವಿಸ್ತರಣೆ, ಬೆರಕೆಯೆಲ್ಲ ಪ್ರಬಂಧದೊಳಗೆ ಇರಲಿ. ವಿಸ್ತರಣೆಗೆ ಸೇರುವುದಾದರೆ ಮಾರ್ಗದರ್ಶಕರನ್ನು ಸೇರುವ ಮೊದಲೇ ಭೇಟಿಯಾಗಿ, ನೂರಿಪ್ಪತ್ತು ಮನೆಯ ಬದಲು ಹತ್ತು ಮನೆಗಳನ್ನು ಬಿತ್ತನೆಯಿಂದ ರಾಶಿಯವರೆಗೆ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಬಿಡುತ್ತೇನೆ ಎಂದರೆ ಅಲ್ಲೇ ಸೇರಿ, ನನ್ನ ತಕರಾರಿಲ್ಲ. ಇಲ್ಲವೆಂದರೆ ಸಿ.ಯು.ಇ.ಟಿ. ಬರೆಯಿರಿ.

ಯಾವುದಕ್ಕೂ ಮೊದಲು ಈ ಹಂಗಾಮನ್ನು ಕಳೆದುಕೊಳ್ಳಬೇಡಿ. ತೊಗರಿ ರಾಶಿಯ ಹೊತ್ತಿಗೆ ಬೀಜಕ್ಕೆಂದು ಯಾವ ಗಿಡವನ್ನು ಯಾರು ಬೇರೆ ತೆಗೆದಿಡುತ್ತಾರೆ ಎಂಬುದು ಕಣದಲ್ಲಿ ಕೂತವರಿಗೆ ಕಾಣುತ್ತದೆ. ಎರಡು ಪುಸ್ತಕ ಇಟ್ಟುಕೊಳ್ಳಿ. ಒಂದರಲ್ಲಿ ಕಂಡದ್ದು, ಕೇಳಿದ್ದು, ಹೇಳಿದವರ ಮಾತಿನಲ್ಲೇ. ‘ಅಂಬೋದೇ’ ಎಂದಿದ್ದರೆ ‘ಎಂಬುದೇ’ ಎಂದು ತಿದ್ದಬೇಡಿ. ಇನ್ನೊಂದರಲ್ಲಿ ನಿಮ್ಮ ಅನುಮಾನಗಳು. ಅಂದಿನದನ್ನು ಅಂದೇ ರಾತ್ರಿ ಬರೆದು, ಫೋಟೊ ತೆಗೆದು ಬೇರೆ ಕಡೆ ಇಡಿ. ಸಮಾಜ-ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿದ್ದು ಮಾಡಿದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಸಂಸ್ಕರಿಸಿದ್ದರು. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸಂಸ್ಕರಿಸಿದ ಪ್ರತಿಗಳೆಲ್ಲ ಆಹುತಿಯಾದವು. ಆಮೇಲೆ ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕ 1976ರಲ್ಲಿ ಬಂತು. ಅವರಿಗೆ ಅಷ್ಟು ನೆನಪಿತ್ತು, ನಮಗೆ ಇರುವುದಿಲ್ಲ.


ತೊಗರಿಸಾಲು, ಕಲಬುರಗಿ

ಆಯಿಯ ಮನೆಗೆ ಫೋನ್ ಮಾಡಿದ್ದೆ, ಅವರಿಗೆ ನನ್ನ ನೆನಪಿದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಾ, ರಾಶಿ ಮುಗಿಯುವ ತನಕ ಇರು ಎಂದಿದ್ದಾರೆ. ಬರುವಾಗ ಕಲಬುರಗಿ ಮಾರ್ಕೆಟ್ಟಿನಿಂದ ಎಲೆ, ಅಡಿಕೆ ತರಲು ಹೇಳಿದ್ದಾರೆ. ಸಂಶೋಧನೆಗೆ ಹೋಗುವವರು ಹಾಗೆ ಒಯ್ಯಬಹುದೇ? ಮಾಹಿತಿಗೆ ಪ್ರತಿಫಲ ಕೊಟ್ಟಂತೆ ಆಗುವುದಿಲ್ಲವೇ?


ಕುಲಶಾಸ್ತ್ರದ ಕೂಲಿ, ಕಲಬುರಗಿ

ಒಯ್ಯಿರಿ. ಏನು ಒಯ್ದಿರಿ, ಅವರು ತಿರುಗಿ ಏನು ಕೊಟ್ಟರು ಎಂಬುದನ್ನೂ ಮೊದಲ ಪುಸ್ತಕದಲ್ಲೇ ಬರೆಯಿರಿ. ನಮ್ಮ ಕಡೆ ಬರಿಗೈಯಲ್ಲಿ ಹೋದವಳಿಗೆ ಯಾವ ಆಯಿಯೂ ಮಡಕೆಯ ಬಾಯಿ ಬಿಚ್ಚುವುದಿಲ್ಲ.